ಬಲದಿಂದ ಓದಬೇಕಾದ ಪುಸ್ತಕ

ಶಹಲಾಳಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇತ್ತು. ಅದರಲ್ಲೂ ಕಾಲೇಜು ಮಕ್ಕಳು ಮಾಂಗಾ ಎಂದು ಕರೆಯುವ ಜಪಾನಿನ ಚಿತ್ರಕತೆಗಳ ವಿಷಯ ಬಂದರೆ ಅವಳು ನಿಲ್ಲುತ್ತಿರಲಿಲ್ಲ. ನಾನು ಮಗಳು ಬ್ರಾಹ್ಮಿಗೆ ಗಂಜಿ ಉಣ್ಣಿಸುತ್ತಾ ಕೂತಿದ್ದರೆ ಎದುರಿನ ಮೆಟ್ಟಿಲ ಮೇಲೆ ಕೂತು ತೀರ್ಪು ಕೊಡುತ್ತಿದ್ದಳು.

"ಆ ಕತ್ತಿಯವನ ಕತೆ ಉಂಟಲ್ಲ ಅಕ್ಕ, ಬರೆದವನಿಗೆ ಮುಗಿಸ್ಲಿಕ್ಕೆ ಹೆದರಿಕೆ. ಒಬ್ಬ ಸಾಯ್ತಾನೆ, ನಾನು ಇಲ್ಲಿ ಕೂತು ಅಳ್ತೇನೆ, ನಾಲ್ಕು ಪುಸ್ತಕ ಆದ ಮೇಲೆ ಅವನು ಗಾಯ ಒರೆಸಿಕೊಂಡು ಬರ್ತಾನೆ. ನನ್ನ ಕಣ್ಣೀರು ವಾಪಸು ಕೊಡ್ತಾನಾ?"

ವಾಲಿಬಾಲಿನದ್ದೊಂದು ಸರಣಿ ಇತ್ತು. ಅದರಲ್ಲಿ ಚೆಂಡು ಮೇಲೆ ಹೋದರೆ ಕೆಳಗೆ ಬರುವುದೇ ಇಲ್ಲ ಎಂದು ಅವಳ ದೂರು. "ಅಣ್ಣ ಫರ್ಹಾನ್ ರಜೆಯಲ್ಲಿ ಬಂದು ವಾಪಸು ಹೋದ. ಚೆಂಡು ಇನ್ನೂ ಗಾಳಿಯಲ್ಲೇ ಉಂಟು." ಅಡುಗೆಯ ಸರಣಿಯಲ್ಲಿ ಒಂದು ಚಮಚ ಬಾಯಿಗಿಟ್ಟವರೆಲ್ಲ ಅಳುತ್ತಾರಂತೆ. "ಉಮ್ಮ ಎಷ್ಟು ಚಂದ ಬಿರಿಯಾನಿ ಮಾಡಿದ್ರೂ ನಮ್ಮಲ್ಲಿ ಯಾರೂ ಅಳುವುದಿಲ್ಲ. ಉಪ್ಪು ಕಡಿಮೆ ಅಂತ ಹೇಳ್ತಾರೆ." ಇನ್ನೊಂದು ಪ್ರೇಮದ್ದು. ಹುಡುಗ ಹುಡುಗಿ ರೈಲಿನಲ್ಲಿ ಎದುರುಬದುರು ಕೂರುತ್ತಾರೆ, ಪುಸ್ತಕದ ಮೇಲೆ ಪುಸ್ತಕ ಮುಗಿದರೂ ಮಾತಾಡುವುದಿಲ್ಲ. "ನಮ್ಮ ಮೂಡುಬಿದಿರೆಯ ಬ್ರೋಕರ್ ಆದ್ರೆ ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಸಿ ಹೋಗ್ತಿದ್ದ ಮಾರಾಯ್ರೆ."

ಮಿಜಾರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗಿನ ಭಾಗ ಅವರದ್ದು. ಶಹಲಾಳ ತಂದೆ ಉಮ್ಮರ್ ಬ್ಯಾರಿಯವರಿಗೆ ಮೂಡುಬಿದಿರೆ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇದೆ, ಅಣ್ಣ ಫರ್ಹಾನ್ ಸೌದಿಯಲ್ಲಿದ್ದಾನೆ. ನಾನು ಮೈಸೂರಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದು, ಹತ್ತಿರದ ಒಂದು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತಿದ್ದೇನೆ. ಶಹಲಾ ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ನಾವಿಬ್ಬರೂ ಹೊರಟರೆ ಬ್ರಾಹ್ಮಿಯನ್ನು ನೋಡಿಕೊಳ್ಳುವುದು ಶಹಲಾಳ ತಾಯಿ ಮಾಜಿದಾ. ನಾವು ಜೈನರೆಂದು, ನಾನು ಹೇಳುವ ಮೊದಲೇ, ಅವರು ಮಗುವಿಗೆಂದು ಬೇರೆ ಬಟ್ಟಲು, ಬೇರೆ ಚಮಚ ತೆಗೆದಿಟ್ಟಿದ್ದರು. ಆದರೂ ನಾನು ತರಗತಿಯ ಮಧ್ಯೆ ಎರಡೆರಡು ಸಲ ಫೋನ್ ಮಾಡುತ್ತೇನೆ. ಜ್ವರ ಉಂಟಾ, ಕೆಮ್ಮಿದಳಾ, ಬಾವಿಕಟ್ಟೆಯ ಬಾಗಿಲು ಹಾಕಿದ್ದೀರಾ. "ಹಾಕಿದ್ದೇನೆ ಮಗಾ, ನೀವು ಪಾಠ ಮಾಡಿ" ಎಂದು ಮಾಜಿದಾ ನಗುತ್ತಾರೆ.

ಶಹಲಾಳ ಪುಸ್ತಕಗಳ ಬಗ್ಗೆಯೂ ನನಗೆ ಒಳಗೊಳಗೆ ಹೆದರಿಕೆಯೇ. ಅಷ್ಟು ರಕ್ತ, ಅಷ್ಟು ದೊಡ್ಡ ಕಣ್ಣುಗಳು. ಮಗು ಎಲ್ಲಿ ನೋಡಿಬಿಡುತ್ತದೋ ಎಂದು ಅವನ್ನು ಎತ್ತಿ ಎತ್ತರದಲ್ಲಿ ಇಡುತ್ತಿದ್ದೆ. ಶಹಲಾ ಅವನ್ನು ಮತ್ತೆ ಇಳಿಸುತ್ತಿದ್ದಳು.

ಅವಳಿಗೆ ಈ ಹುಚ್ಚು ಹಿಡಿದದ್ದು ಫರ್ಹಾನನಿಂದ. ಅವನ ಕೋಣೆಯಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗನೊಬ್ಬ ಕೆಲಸ ಬಿಟ್ಟು ಊರಿಗೆ ಹೋಗುವಾಗ ಒಂದು ಪೆಟ್ಟಿಗೆ ಇಂಗ್ಲಿಷ್ ಮಾಂಗಾ ಬಿಟ್ಟುಹೋಗಿದ್ದ. ಫರ್ಹಾನ್ ಅದನ್ನು ಖರ್ಜೂರ, ಸೋಪುಗಳ ಜೊತೆ ಮನೆಗೆ ತಂದ. ಮನೆಯವರು ತಿರುವಿ ಮುರುವಿ ನೋಡಿ, ತಪ್ಪಾಗಿ ಅಚ್ಚಾದ ಪುಸ್ತಕ ಇರಬೇಕು, ಅದಕ್ಕೇ ಬಿಟ್ಟುಹೋಗಿದ್ದಾನೆ ಅಂದರು. ಆಗ ಹೈಸ್ಕೂಲಿನಲ್ಲಿದ್ದ ಶಹಲಾ ಒಂದನ್ನು ಎತ್ತಿಕೊಂಡು ಬಲದಿಂದ ತೆರೆದಳಂತೆ. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿ, ಆಮೇಲೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಓದುತ್ತಿದ್ದ ಹುಡುಗಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದ ಮೇಲೆ ಅವಳು ಆ ಪೆಟ್ಟಿಗೆಯನ್ನೇ ಕಾಲೇಜಿಗೆ ಕೊಟ್ಟಳು. ಗ್ರಂಥಪಾಲಕ ಸಂಪತ್‌ಕುಮಾರರು ಹರಿದ ರಟ್ಟು ನೋಡಿ ಎಲ್ಲವನ್ನೂ ಬಂಟ್ವಾಳದ ಬೈಂಡಿಂಗ್‌ನವರಿಗೆ ಕಳಿಸಿದರು. ಅವರು ಎಲ್ಲ ಪುಸ್ತಕಗಳಿಗೆ ಮಾಡುವ ಹಾಗೆ ಇದಕ್ಕೂ ದಪ್ಪ ರಟ್ಟು ಹಾಕಿ, ಎಡಗಡೆಯ ರಟ್ಟಿಗೆ ಹೆಸರು ಅಂಟಿಸಿ, ಅದರೊಳಗೆ ವಾಪಸು ಕೊಡುವ ತಾರೀಕಿನ ಚೀಟಿ ಅಂಟಿಸಿ ಕೊಟ್ಟರು. ಇಂಥ ಪುಸ್ತಕಗಳ ಆ ತುದಿಯಲ್ಲಿ, ಇದು ಕೊನೆ, ಇಲ್ಲಿಂದ ಶುರುಮಾಡಬೇಡಿ ಎಂದು ಒಂದು ಪುಟ ಇರುತ್ತದೆ. ಚೀಟಿ ಬಿದ್ದದ್ದು ಸರಿಯಾಗಿ ಅದರ ಮೇಲೆ. ಶಹಲಾ ನಕ್ಕುಬಿಟ್ಟಳು. ಅಂದಿನಿಂದ ಯಾರಿಗೆ ಪುಸ್ತಕ ಕೊಟ್ಟರೂ, "ಮದ್ರಸದ ಕಿತಾಬಿನ ಹಾಗೆ, ಬಲದಿಂದ" ಎಂದು ಬಾಯಿಯಲ್ಲೇ ಹೇಳಿ ಕೊಡುತ್ತಿದ್ದಳು. ಮಕ್ಕಳು ಅವಳನ್ನು ಅಣಕಿಸುತ್ತಿದ್ದರು. "ಅಕ್ಕಾ, ಬಲದಿಂದ ಬಂದೆ" ಎನ್ನುತ್ತಾ ಬಾಗಿಲಲ್ಲಿ ನುಗ್ಗುತ್ತಿದ್ದರು.

ಆ ಎಲ್ಲದರಲ್ಲಿ ಅವಳಿಗೆ ಇಷ್ಟವಾದದ್ದು ಒಂದೇ. ಜಪಾನೀ ಹೆಸರು ನಾಲಿಗೆಗೆ ಹೊರಳದೆ ಅವಳು ಅದನ್ನು "ಹೊಳೆಬದಿ" ಎನ್ನುತ್ತಿದ್ದಳು. ಒಂದು ಹೊಳೆ, ಅದರ ದಡದ ಊರುಗಳು, ಊರಿಗೊಂದು ಸಣ್ಣ ಕತೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. "ಇದರಲ್ಲಿ ಯಾರೂ ಬೊಬ್ಬೆ ಹಾಕುವುದಿಲ್ಲ ಅಕ್ಕ. ಉಳಿದವರೆಲ್ಲ ಹೇಳಿ ಹೇಳಿ ಅಳಿಸ್ತಾರೆ. ಇವನು ಒಂದು ಹಂಡೆ ಬರೀತಾನೆ, ಹೊಗೆ ಬರೀತಾನೆ, ಅಷ್ಟೇ." ಕೊನೆಯ ಕತೆಯಲ್ಲಿ ಒಂದೂ ಮಾತಿಲ್ಲ. ಮೊದಲು ಖಾಲಿ ಹೊಳೆ. ಆಮೇಲೆ ನೀರಿನಲ್ಲಿ ಒಂದು ತಲೆ. ಒಬ್ಬ ಹುಡುಗಿ ಎದ್ದು ದಡಕ್ಕೆ ಬರುತ್ತಾಳೆ, ಒದ್ದೆ ಬಟ್ಟೆಯಲ್ಲಿ ಕಾಲುದಾರಿ ಹಿಡಿದು ಮನೆಗೆ ಬರುತ್ತಾಳೆ, ಒಲೆಯ ಮುಂದೆ ಕೂತ ತಾಯಿಯ ಪಕ್ಕ ಕೂರುತ್ತಾಳೆ. ಮುಗಿಯಿತು. ಮನಸ್ಸು ಸರಿ ಇಲ್ಲ ಎಂದು ಬಂದ ಮಕ್ಕಳಿಗೆ ಶಹಲಾ ಇದನ್ನೇ ಕೊಡುತ್ತಿದ್ದಳು.

ನನ್ನ ತರಗತಿಯ ಸಾತ್ವಿಕಾಳಿಗೂ ಕೊಟ್ಟಳು.

ಸಾತ್ವಿಕಾ ಬೆಳ್ತಂಗಡಿ ಕಡೆಯ ಹುಡುಗಿ, ಹಾಸ್ಟೆಲಿನಲ್ಲಿದ್ದಳು. ಆಂತರಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಓದಲು ಕೊಟ್ಟ ರಜೆಯಲ್ಲಿ ಮನೆಗೆ ಹೋದವಳು ವಾಪಸು ಬರಲಿಲ್ಲ. ಮನೆಯ ಕೆಳಗಿನ ಹೊಳೆಯಲ್ಲಿ ಸಿಕ್ಕಿದಳು. ಕಾಲು ಜಾರಿತೋ ಅಲ್ಲವೋ, ನೋಡಿದವರು ಯಾರೂ ಇರಲಿಲ್ಲ. ಸುದ್ದಿ ಬಂದ ದಿನ ನಾನು ಮನೆಗೆ ಹೋಗಿ ಬ್ರಾಹ್ಮಿಯನ್ನು ಎಷ್ಟು ಹೊತ್ತು ಹಿಡಿದುಕೊಂಡೆನೆಂದರೆ ಮಗು ಉಸಿರು ಕಟ್ಟಿ ಅಳತೊಡಗಿತು.

ಬೊಜ್ಜದ ಉತ್ತರಕ್ರಿಯೆ ಕಳೆದ ಮೇಲೆ ತಂದೆ ಕುಶಾಲಪ್ಪ, ತಾಯಿ ಕಾವೇರಮ್ಮ ಕಾಲೇಜಿಗೆ ಬಂದರು. ಪ್ರಾಂಶುಪಾಲರು ತಮ್ಮ ಕೋಣೆಗೆ ಸಂಪತ್‌ಕುಮಾರರನ್ನು, ಶಹಲಾಳನ್ನು, ತರಗತಿಯ ಶಿಕ್ಷಕಿ ಎಂದು ನನ್ನನ್ನು ಕರೆಸಿದರು. ಮೇಜಿನ ಮೇಲೆ ಹೊಳೆಬದಿ ಇತ್ತು.

"ಇದು ಅವಳ ಬ್ಯಾಗಿನಲ್ಲಿ ಸಿಕ್ಕಿತು" ಎಂದರು ಕುಶಾಲಪ್ಪ. "ಸೀಲು ನಿಮ್ಮದೇ. ಇಂಥದ್ದನ್ನು ಮಕ್ಕಳಿಗೆ ಕೊಡುವುದಾ ನೀವು?"

ಕಾವೇರಮ್ಮ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿ, ಎಡಗಡೆಯ ರಟ್ಟು ತೆರೆದು, ಒಂದೊಂದೇ ಹಾಳೆ ಮಗುಚಿದರು. "ನೋಡಿ. ತಾಯಿ ಒಲೆಯ ಹತ್ತಿರ ಇದ್ದಾಳೆ. ಮಗಳು ಎದ್ದು ಹೋಗ್ತಾಳೆ. ಬಾಗಿಲು. ದಾರಿ. ಇಲ್ಲಿ ಹೊಳೆ. ಇಲ್ಲಿ ತಲೆ ಮಾತ್ರ ಕಾಣ್ತದೆ." ಇನ್ನೊಂದು ಹಾಳೆ ಮಗುಚಿದರು. "ಇಲ್ಲಿ ಯಾರೂ ಇಲ್ಲ."

ಅವರು ಮುಂದುವರಿಸಿದರು. "ಮಾರ್ಕು ಕಡಿಮೆ ಅಂತ ನಾನು ಬೈದದ್ದುಂಟು. ಇಲ್ಲಾಂತ ಹೇಳುವುದಿಲ್ಲ. ಊರಿಡೀ ಅದನ್ನೇ ಮಾತಾಡಿತು. ಈ ಪುಸ್ತಕ ನೋಡಿದ ಮೇಲೆ ನನಗೆ ಸ್ವಲ್ಪ ಉಸಿರು ಬಂತು ಮೇಡಂ. ಇದನ್ನು ನೋಡಿಯೇ ಹೋದದ್ದು ಅವಳು. ನಾನು ಬೈದದ್ದಕ್ಕಲ್ಲ."

ಶಹಲಾ ಮೇಜಿನ ಹತ್ತಿರ ಬಂದಳು. "ಅಮ್ಮಾ, ಅದು ಉಲ್ಟಾ" ಎಂದಳು.

"ಉಲ್ಟಾ ಅಂದ್ರೆ ಎಂತ?" ಪ್ರಾಂಶುಪಾಲರು ಗದರಿದರು.

"ಇದು ಬಲದಿಂದ ಓದುವ ಪುಸ್ತಕ ಸರ್. ಬೈಂಡಿಂಗ್‌ನವರು ಈ ಕಡೆ ಚೀಟಿ ಅಂಟಿಸಿದ್ದು. ಇದು ಕೊನೆ." ಅವಳು ಪುಸ್ತಕ ತೆಗೆದುಕೊಂಡು, ಆ ಕತೆ ನಿಜವಾಗಿ ಶುರುವಾಗುವ ಪುಟ ಹುಡುಕಿ, ಕಾವೇರಮ್ಮನ ಮುಂದೆ ಇಟ್ಟಳು. "ಇಲ್ಲಿಂದ ನೋಡಿ ಅಮ್ಮ. ಅವಳು ಹೊಳೆಗೆ ಹೋಗುವುದಲ್ಲ. ಹೊಳೆಯಿಂದ ಎದ್ದು ಬರುವುದು."

ಪ್ರಾಂಶುಪಾಲರು ಕುರ್ಚಿಗೆ ಒರಗಿದರು. "ಹಾಗಾದ್ರೆ ಪುಸ್ತಕದಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಕತೆಯೇ ಅಲ್ವಾ?"

"ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ ಸರ್" ಎಂದರು ಸಂಪತ್‌ಕುಮಾರರು. ಅವರು ಆ ಪುಸ್ತಕವನ್ನು ಒಮ್ಮೆಯೂ ತೆರೆದವರಲ್ಲ.

ಕಾವೇರಮ್ಮ ಬಲದಿಂದ ನೋಡಿದರು. ಒಂದೊಂದು ಪುಟದಲ್ಲೂ ತುಂಬ ಹೊತ್ತು ನಿಂತರು. ಕೊನೆಯ ಚಿತ್ರದಲ್ಲಿ ತಾಯಿ ತಲೆ ಎತ್ತುವುದಿಲ್ಲ, ಏನೂ ಕೇಳುವುದಿಲ್ಲ. ಮಗಳು ಕೂರಲೆಂದು ಸ್ವಲ್ಪ ಜರುಗಿ ಜಾಗ ಬಿಡುತ್ತಾಳೆ ಅಷ್ಟೇ. ಆ ಚಿತ್ರದ ಮೇಲೆ ಅವರ ಕೈ ಇತ್ತು. ಅವರು ಅಳುತ್ತಾರೆಂದುಕೊಂಡೆ. ಅಳಲಿಲ್ಲ.

"ನನ್ನ ಮಗಳಿಗೆ ಇದು ಗೊತ್ತಿತ್ತಾ?" ಎಂದು ಕೇಳಿದರು. "ಈ ಕಡೆಯಿಂದ ಓದ್ಬೇಕು ಅಂತ?"

"ಗೊತ್ತಿರ್ತದೆ, ಎಲ್ಲರಿಗೂ ಹೇಳಿಯೇ ಕೊಡುವುದಲ್ವಾ?" ಪ್ರಾಂಶುಪಾಲರು ಶಹಲಾಳ ಕಡೆ ನೋಡಿದರು.

"ಹೇಳ್ತೇನೆ ಸರ್. ಎಲ್ಲರಿಗೂ ಹೇಳ್ತೇನೆ."

"ಸಾತ್ವಿಕಾಳಿಗೆ ಹೇಳಿದ್ದಾ?" ಕಾವೇರಮ್ಮ ಮತ್ತೆ ಕೇಳಿದರು.

ಹೇಳಿದ್ದೆ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೇಳಿದ್ದೆ ಎಂದರೆ ಅವಳು ಪಾರಾಗುತ್ತಿದ್ದಳು. ಹೇಳಿದ್ದೆ ಎಂದರೆ, ವಾಪಸು ಬಾ ಎನ್ನುವ ಪುಸ್ತಕ ಕೈಯಲ್ಲಿದ್ದೂ ಆ ಹುಡುಗಿ ಹೋದಳು ಎಂದಾಗುತ್ತಿತ್ತು, ಕಾವೇರಮ್ಮನಿಗೆ ತಾವು ಬೈದ ಮಾತು ಮಾತ್ರ ಉಳಿಯುತ್ತಿತ್ತು. ಹೇಳಲಿಲ್ಲ ಎಂದರೆ, ಆ ಹುಡುಗಿ ಓದಿದ್ದು ಹೊಳೆಗೆ ಹೋಗುವ ಕತೆ ಎಂದಾಗುತ್ತಿತ್ತು, ತಪ್ಪು ಶಹಲಾಳದ್ದಾಗುತ್ತಿತ್ತು. ಇದು ನನಗೆ ಹೊಳೆದದ್ದು ಆಮೇಲೆ. ಶಹಲಾಳಿಗೆ ಆಗಲೇ ಹೊಳೆದಿರಬೇಕು.

"ನೆನಪಿಲ್ಲ ಅಮ್ಮ" ಎಂದಳು.

ಬಸ್ಸಿಗೆ ಕಾಯುವಾಗ ಅವಳು ಪುಸ್ತಕ ಕೊಟ್ಟ ದಿನವನ್ನು ನನ್ನ ಮುಂದೆ ಮತ್ತೆ ಮತ್ತೆ ಹರಡಿದಳು. ಪರೀಕ್ಷೆಯ ಮುಂಚಿನ ದಿನಗಳು, ಕೌಂಟರಿನಲ್ಲಿ ನೂಕುನುಗ್ಗಲು, ಕರೆಂಟು ಬೇರೆ ಇರಲಿಲ್ಲ. ಸಾತ್ವಿಕಾಳ ಕೊಡೆಯಿಂದ ನೀರು ರಿಜಿಸ್ಟರಿನ ಮೇಲೆ ತೊಟ್ಟಿಕ್ಕಿದ್ದು ನೆನಪುಂಟು. "ಇದರಲ್ಲಿ ಕೊನೆಗೆ ಹುಡುಗ ಸಿಗ್ತಾನಾ ಅಕ್ಕ?" ಎಂದು ಅವಳು ಕೇಳಿದ್ದು ನೆನಪುಂಟು. "ಹುಡುಗ ಇಲ್ಲ, ಹೊಳೆ ಉಂಟು, ಬೇಕಾದ್ರೆ ತಗೋ" ಎಂದು ತಾನು ತಮಾಷೆ ಮಾಡಿದ್ದು ನೆನಪುಂಟು. ಹಿಂದಿದ್ದ ಹುಡುಗ ಐಡಿ ಕಾರ್ಡಿನಿಂದ ಕೌಂಟರಿಗೆ ಬಡಿಯುತ್ತಿದ್ದ.

"ಅದಾದ ಮೇಲೆ ಹೇಳಿದೆನಾ ಅಕ್ಕ? ಎಲ್ಲರಿಗೂ ಒಂದೇ ಮಾತು ಹೇಳಿ ಹೇಳಿ, ಯಾರಿಗೆ ಹೇಳಿದೆ ಅಂತ ಹೇಗೆ ಗೊತ್ತಾಗುವುದು?"

"ಹೇಳಿರ್ತೀಯ" ಎಂದೆ.

"ನೀವು ಹೇಳಿದ್ರೆ ನಂಗೆ ನೆನಪಾಗ್ತದಾ?" ಅವಳ ಸ್ವರ ಚೂಪಾಗಿತ್ತು.

ಆ ಪುಸ್ತಕಗಳನ್ನೆಲ್ಲ ಕಪಾಟಿನಿಂದ ತೆಗೆದು ಕಟ್ಟಿ ಉಗ್ರಾಣಕ್ಕೆ ಹಾಕಿದರು. ಶಹಲಾಳ ಕೆಲಸ ಹೋಗಲಿಲ್ಲ. ಅವಳನ್ನು ಪತ್ರಿಕೆಗಳ ವಿಭಾಗಕ್ಕೆ ಹಾಕಿದರು, ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಮಕ್ಕಳ ಮೊಬೈಲಿನಲ್ಲಿ ಮಾಂಗಾ ಈಗಲೂ ಇದೆ. ಒಬ್ಬಳು ಅಲ್ಲಿಗೂ ಹುಡುಕಿಕೊಂಡು ಬಂದು, ಕತ್ತಿಯವನ ಕತೆ ಕಡೆಗೂ ಮುಗಿಯಿತು, ಕೊನೆ ಹೇಗಿದೆ ಅಕ್ಕ ಎಂದು ಕೇಳಿದಳಂತೆ. "ಗೊತ್ತಿಲ್ಲ" ಎಂದಳಂತೆ ಶಹಲಾ. ಓದಿದ್ದಳು. ಅವಳು ಓದುವುದನ್ನು ನಾನೇ ನೋಡಿದ್ದೆ.

ಕಾವೇರಮ್ಮ ಶಹಲಾಳಿಗೆ ಫೋನ್ ಮಾಡಲು ಶುರುಮಾಡಿದ್ದು ಮಳೆ ನಿಂತ ಮೇಲೆ. ನಂಬರನ್ನು ಆಫೀಸಿನಿಂದ ತೆಗೆದುಕೊಂಡಿದ್ದರು. ಮೊದಲ ಸಲ ಕರೆ ಬಂದಾಗ ಬೈಯಲಿಕ್ಕೆ ಎಂದುಕೊಂಡೇ ಶಹಲಾ ಎತ್ತಿದಳು. ಬೈಯಲಿಲ್ಲ. "ನೆನಪಾಯ್ತಾ ಮಗಾ?" ಎಂದು ಮಾತ್ರ ಕೇಳಿದರು. ಇಲ್ಲ ಎಂದಾಗ, "ಆಯ್ತು, ನಿಧಾನ ಆಲೋಚನೆ ಮಾಡು" ಎಂದು ಇಟ್ಟರು. ಅಂದಿನಿಂದ ಈ ಕರೆ ಬರುತ್ತಲೇ ಇದೆ. ಒಮ್ಮೊಮ್ಮೆ ವಾರ ಬಿಟ್ಟು, ಒಮ್ಮೊಮ್ಮೆ ದಿನಾ.

"ಎತ್ತಬೇಡ, ನಂಬರು ಬ್ಲಾಕ್ ಮಾಡು. ನೀನು ಸಣ್ಣ ಆಗಿ ಆಗಿ ಕಡ್ಡಿಯಾದೆ" ಎಂದು ಮಾಜಿದಾ ಬೇಡಿಕೊಂಡರು. ಶಹಲಾ ಎತ್ತುತ್ತಾಳೆ. ಕೈಯಲ್ಲಿ ಮೀನಿನ ಮಸಾಲೆ ಇದ್ದರೂ ತೊಳೆದು, ಒರೆಸಿ, ಎತ್ತುತ್ತಾಳೆ.

ಹೋದ ಶನಿವಾರ ಸಂಜೆ ನಾನು ಅಲ್ಲೇ ಇದ್ದೆ. ಬ್ರಾಹ್ಮಿಗೆ ಸಣ್ಣಗೆ ಜ್ವರ ಇತ್ತು, ಮಾಜಿದಾರಿಗೆ ತೋರಿಸಲು ಎತ್ತಿಕೊಂಡು ಇಳಿದಿದ್ದೆ. ಫೋನ್ ಬಂತು. ಸ್ವರ ನನಗೂ ಕೇಳುತ್ತಿತ್ತು.

"ನೆನಪಾಯ್ತಾ ಮಗಾ?"

ನನಗೆ ತಡೆಯಲಾಗಲಿಲ್ಲ. "ಯಾವುದಾದರೂ ಒಂದು ಹೇಳಿ ಮುಗಿಸಿಬಿಡು ಶಹಲಾ" ಎಂದು ಪಿಸುಗುಟ್ಟಿದೆ. "ನಿನಗೂ ಬಿಡುಗಡೆ, ಅವರಿಗೂ."

ಅವಳು ಫೋನಿನ ಮೇಲೆ ಅಂಗೈ ಮುಚ್ಚಿ ನನ್ನನ್ನು ನೋಡಿದಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

"ಯಾವುದನ್ನು ಹೇಳ್ಲಿ ಅಕ್ಕ?"

ಮಗುವಿನ ಬಿಸಿ ಹಣೆ ನನ್ನ ಕುತ್ತಿಗೆಗೆ ತಾಗುತ್ತಿತ್ತು. ನಾನು ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡೆ. ಶಹಲಾ ಅಂಗೈ ತೆಗೆದಳು.

"ಇಲ್ಲಮ್ಮ" ಎಂದಳು. "ಇನ್ನೂ ಇಲ್ಲ."