ಭಂಡಾರ ಮುಟ್ಟಿ ಕಾಯ್ದ ಗುಟ್ಟು

ಕಬ್ಬಿಣಾಂಶದ ಗುಳಿಗೆ ಎಷ್ಟು ನುಂಗಿದರೂ ನನ್ನ ಮುಖಕ್ಕೆ ಕಳೆ ಬರಲಿಲ್ಲವೆಂದು ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ನನ್ನನ್ನು ವಿದ್ಯಾನಗರದ ಡಾಕ್ಟರರ ಬಳಿ ಕರೆದೊಯ್ದಳು. ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ನನಗೆ ಗಂಡು ಹುಡುಕುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಥಲಸೇಮಿಯಾ ಎಂಬ ರಕ್ತದ ಕಾಯಿಲೆಯ ಅಂಶ ಕಂಡಿತು. ಅಪ್ಪನಿಂದಲೋ ಅವ್ವನಿಂದಲೋ ಬಂದದ್ದು, ನನಗೇನೂ ಅಪಾಯವಿಲ್ಲ. ಮದುವೆಯಾಗುವವನಲ್ಲೂ ಅದೇ ಇದ್ದರೆ ಮಾತ್ರ ಹುಟ್ಟುವ ಕೂಸಿಗೆ ತೊಂದರೆಯಾಗಬಹುದು, ಅವನೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು ಡಾಕ್ಟರು.

"ಯಾರಿಗೆ ಹೇಳಬೇಕು, ಯಾರಿಗೆ ಬಿಡಬೇಕು, ಅದು ನಿಮಗ ಬಿಟ್ಟದ್ದರಿ."

ಗಂಡಿಗೆ ನಾನೇ ಹೇಳಬೇಕು, ಮತ್ಯಾರಿಗೂ ಬೇಡ ಎಂದು ಅಲ್ಲೇ ನಿಶ್ಚಯಿಸಿದೆ. ಬೇರೆಯವರ ಬಾಯಿಗೆ ಬಿದ್ದರೆ 'ಅಂಶ' ಹೋಗಿ 'ರೋಗ' ಆಗುತ್ತದೆ.

ನಾನೊಬ್ಬಳೇ ಹೀಗೆ ನಿಶ್ಚಯಿಸುವುದಕ್ಕೆ ಅತ್ತೆ ಒಪ್ಪಲಿಲ್ಲ. "ನಿನ್ನ ರಕ್ತ ನಿಂದೊಬ್ಬಾಕಿದೇನವಾ? ನಿನ್ನೊಳಗ ಐತಿ ಅಂದ್ರ ನಿಮ್ಮಪ್ಪನೊಳಗ ಇದ್ದೀತು, ನನ್ನ ಹೆಣ್ಣಮಕ್ಕಳೊಳಗೂ ಇದ್ದೀತು. ಸುದ್ದಿ ಹೊರಗ ಬೀಳಬಾರದು."

ಮಾತು ಖರೆಯೇ. ಅದಕ್ಕೆ ಅವಳು ಹಿಡಿದ ದಾರಿಯೇ ನನ್ನನ್ನು ಉರಿಸಿದ್ದು.

ನಮ್ಮ ಕಡೆ ಬಾಯಿ ಕಟ್ಟಬೇಕಾದರೆ ಭಂಡಾರ ಮುಟ್ಟಿಸುತ್ತಾರೆ. ದೇವರ ಅರಿಶಿನಪುಡಿ ಮುಟ್ಟಿ ಆಣೆ ಮಾಡಿದವರು ತಪ್ಪುವುದಿಲ್ಲ. ಅತ್ತೆ ಅದರ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಕಮರಿಪೇಟೆಯ ಬಳಗದ ಮನೆಗಳಿಗೆ ಹೊರಟಳು. ಏನನ್ನು ಹೇಳಬಾರದೆಂದು ತಿಳಿಯದೆ ಆಣೆ ಮಾಡುವುದು ಹೇಗೆ ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿ, ಆಮೇಲೆ ಆಣೆ ಮಾಡಿಸಿದಳು. ಕಮರಿಪೇಟೆ ಮುಗಿಸಿ, ಬಸ್ಸು ಹತ್ತಿ ಸುಳ್ಳ ಗ್ರಾಮಕ್ಕೂ ಹೋಗಿಬಂದಳು. ಇಡೀ ಬಳಗ ನನ್ನ ಗುಟ್ಟನ್ನು ಬಲು ನಿಷ್ಠೆಯಿಂದ ಕಾಯತೊಡಗಿತು. ಸಿಕ್ಕವರೆಲ್ಲ "ನಾವು ಯಾರ ಮುಂದೂ ಅಂದಿಲ್ಲ ಬಿಡವಾ" ಎನ್ನುತ್ತ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದರು. ಅವ್ವನ ತವರಿನವರಂತೂ ಇದು ಅಪ್ಪನ ಮನೆತನದ್ದೇ ಎಂದು ಆಣೆಯ ಜೊತೆಗೇ ತೀರ್ಪನ್ನೂ ಕೊಟ್ಟರು.

"ಎಲ್ಲಾರಿಗೂ ಹೇಳಿ ಬಂದಿಯಲ್ಲ ಅತ್ತಿ."

"ಎಲ್ಲಿ ಹೇಳೇನಿ? ಹೇಳಬ್ಯಾಡ್ರಿ ಅಂದು ಬಂದೇನಿ."

ನಾನು ಅತ್ತುಬಿಟ್ಟೆ. ನನ್ನ ಬಾಯಿಂದಲೇ ಬರಬೇಕೆಂದಿದ್ದ ಒಂದೇ ಒಂದು ಮಾತು ಊರ ಬಾಯಲ್ಲಿತ್ತು.

ಕೆಲವು ತಿಂಗಳ ಮೇಲೆ ಧಾರವಾಡದ ಶಾಲಾ ಮಾಸ್ತರರೊಬ್ಬರು ನನ್ನನ್ನು ನೋಡಲು ಬಂದರು. ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮಿಬ್ಬರನ್ನೇ ಮಾಳಿಗೆಗೆ ಕಳಿಸಿದರು. "ನನ್ನ ರಕ್ತದಾಗ..." ಎಂದು ಶುರು ಮಾಡಿದೆ. ಅವರು ತಲೆ ತಗ್ಗಿಸಿದರು.

"ನನಗ ಗೊತ್ತೈತ್ರಿ. ಸುಳ್ಳದಾಗ ಗೆಳ್ಯಾನ ಮನಿಗೆ ಹೋಗಿದ್ದೆ. ನಿಮ್ಮ ಅತ್ತಿಯವರು ಬಂದು ಕುಂತವರಿಗೆಲ್ಲಾ ಭಂಡಾರ ಮುಟ್ಟಿಸಿದ್ರು. ನಾನೂ ಮುಟ್ಟೇನ್ರಿ."

ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

"ಹಂಗಾರ ನಾ ಹೇಳೂದು ಏನ ಉಳೀತ್ರಿ?"

"ಅವರು ಹೇಳಿದ್ದು ಬ್ಯಾರೆ. ನೀವು ಹೇಳ್ರಿ, ಕೇಳ್ತೇನಿ."

ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದರು. ಈ ಸಂಬಂಧದ ಮಾತು ಬಂದ ಮೇಲೆ ತಾವೂ ಪರೀಕ್ಷೆ ಮಾಡಿಸಿದ್ದಾಗಿ ಹೇಳಿ, ಅದರಲ್ಲಿ ಬಂದದ್ದನ್ನು ನನಗೆ ತಿಳಿಸಿದರು. ಆಣೆ ಕೇಳಲಿಲ್ಲ. "ನಿಮ್ಮ ಹತ್ರನ ಇರ್ಲಿ" ಎಂದರು, ಅಷ್ಟೇ. ಈ ಮನುಷ್ಯನನ್ನೇ ಮದುವೆಯಾಗಬೇಕು ಅನ್ನಿಸಿತು.

ಆದೆ. ಮಕ್ಕಳೂ ಆದವು, ಅವರನ್ನು ನೋಡಿ ನನ್ನ ಗಂಡನ ಪರೀಕ್ಷೆಯಲ್ಲಿ ಏನು ಬಂದಿತ್ತೆಂದು ಲೆಕ್ಕ ಹಾಕಬೇಡಿ. ಅತ್ತೆಗೆ ಈಗ ಕಣ್ಣು ಮಂದ. ಆದರೂ ಹೋದಾಗಲೆಲ್ಲ ಪಕ್ಕಕ್ಕೆ ಕೂಡಿಸಿಕೊಂಡು, "ನಿನ್ನ ಗಂಡಂದು ಏನ ಬಂದಿತ್ತ? ನಾ ಯಾರಿಗೂ ಹೇಳಂಗಿಲ್ಲ" ಎನ್ನುತ್ತಾಳೆ. ನಾನು ಚಹಾ ಕುಡಿದು ಎದ್ದು ಬರುತ್ತೇನೆ. ನನ್ನದನ್ನು ಇಲ್ಲಿ ಬರೆದೆ, ಅದು ನನ್ನದು. ಅವರದನ್ನು ನಿಮಗೂ ಹೇಳುವುದಿಲ್ಲ.