ಮೇಡಂ ನಂಬಿದ್ದ ಹರಳು

ನಮ್ಮ ನಸ್ರೀನ್ ಮೇಡಂ ಎಕ್ಸ್‌ರೇ ನೋಡುವ ಮೊದಲು ಕಂಪ್ಯೂಟರ್ ಪರದೆಯಲ್ಲಿ ರೋಗಿಯ ಹೆಸರು ಕಾಣುವ ಮೂಲೆಗೆ ಪ್ಲಾಸ್ಟರ್ ಅಂಟಿಸುತ್ತಿದ್ದರು. ಗಾಯವಾಗಿರುವುದು ಪರದೆಗೋ ಎಂದು ನಾವೆಲ್ಲ ಕಿಸಕ್ಕನೆ ನಗುತ್ತಿದ್ದೆವು. "ನಗ್ರಪ್ಪ, ನಗ್ರಿ. ಹೆಸರು ಕಂಡ್ರೆ ಕಣ್ಣು ಪಕ್ಷಪಾತ ಮಾಡುತ್ತೆ," ಎನ್ನುತ್ತಿದ್ದರು.

ಮೇಡಂ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯವರು, ಚಿಕ್ಕಬಳ್ಳಾಪುರದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಸರ್ಜನ್. ನಾನು ಅಲ್ಲಿ ಎಕ್ಸ್‌ರೇ ತೆಗೆಯುವವನು. ದವಡೆಯೊಳಗೆ ಸಿಸ್ಟ್ ಎಂಬ ನೀರುಗಂಟು ಬೆಳೆದು ಮೂಳೆ ತಿಂದುಹಾಕಿದವರು ಅವರ ಬಳಿ ಬರುತ್ತಿದ್ದರು. ಗಂಟು ತೆಗೆದ ಮೇಲೆ ಉಳಿಯುವ ಪೊಳ್ಳಿಗೆ ಕೃತಕ ಮೂಳೆಪುಡಿ ತುಂಬುತ್ತಿದ್ದರು. ಅದರಲ್ಲಿ ಎರಡು ಬಗೆ: ಒಂದು ಸುಣ್ಣದಂಶದ ಹರಳು, ಇನ್ನೊಂದು ಗಾಜಿನ ಜಾತಿಯದು. ಯಾವುದರಲ್ಲಿ ಹೊಸ ಮೂಳೆ ಬೇಗ ಬರುತ್ತದೆಂದು ಮೇಡಂ ಹೋಲಿಸಿ ನೋಡುತ್ತಿದ್ದರು. ಅವರ ಮನಸ್ಸೆಲ್ಲ ಹರಳಿನ ಮೇಲೇ. ಆದರೂ ಹೋಲಿಕೆಗೆ ಒಪ್ಪಿದ ರೋಗಿಗೆ ಯಾವುದೆಂದು ನರ್ಸ್ ಎತ್ತುವ ಚೀಟಿಯೇ ತೀರ್ಮಾನಿಸಬೇಕಿತ್ತು.

ಪೆರೇಸಂದ್ರದಲ್ಲಿ ಟೈಲರಿಂಗ್ ಮಾಡುವ ನನ್ನ ತಂಗಿ ಮಂಜುಳಾಗೂ ಸಿಸ್ಟ್ ಆಯಿತು. ಎಕ್ಸ್‌ರೇ ನಾನೇ ತೆಗೆದೆ. ಕೆಳದವಡೆಯ ಒಂದು ಕಡೆ ಅಂಚಿನ ಮೂಳೆಯಷ್ಟೇ ಉಳಿದಿತ್ತು. ಹುರಿಗಡಲೆ ಅಗಿದರೂ ಮುರಿಯುವ ಹಾಗಿತ್ತು. ಅವಳನ್ನು ಕರೆದುಕೊಂಡು ಹೋಗಿ ಮೇಡಂ ಮುಂದೆ ಕೈಮುಗಿದೆ.

"ಮೇಡಂ, ಇವಳಿಗೆ ಚೀಟಿ ಬೇಡ. ನೀವು ನಂಬಿರೋ ಹರಳೇ ಹಾಕ್ಬಿಡಿ."

"ನಂಬಿದೀನಿ ಅಷ್ಟೇ ಕಣಪ್ಪ, ನೋಡಿಲ್ವಲ್ಲ! ಚೀಟಿ ಬೇಡ ಅನ್ನೋದಾದ್ರೆ ಅವಳು ಅನ್ಲಿ. ಹರಳೇ ಹಾಕ್ತೀನಿ," ಎಂದು ಅವಳ ಕಡೆ ತಿರುಗಿದರು. "ನೀನು ಹೇಳಮ್ಮ."

"ಸುಮ್ನಿರಣ್ಣ, ದವಡೆ ನಂದು," ಎಂದಳು ಮಂಜುಳಾ. "ಚೀಟಿ ಎತ್ತಿಸಿ ಮೇಡಂ."

ಗಾಜಿನದು ಬಂತು. ಆಪರೇಷನ್ ಆದ ಮೇಲೆ ಬಹಳ ದಿನ ನಾನು ಮೇಡಂ ಎದುರಾದರೆ ಮುಖ ತಿರುಗಿಸಿಕೊಂಡು ಓಡಾಡಿದೆ. ಅವರು ಮಾತ್ರ ಏನೂ ಆಗದವರಂತೆ, "ತಂಗಿ ಸರಿಯಾಗಿ ಊಟ ಮಾಡ್ತಾಳೇನಪ್ಪ?" ಎಂದು ವಿಚಾರಿಸುತ್ತಿದ್ದರು.

ಕೆಲವು ತಿಂಗಳ ನಂತರ ಮೇಡಂ ಎಲ್ಲರ ಎಕ್ಸ್‌ರೇ ನೋಡಲು ಕೂತರು. ಹೆಸರಿನ ಮೇಲೆ ಪ್ಲಾಸ್ಟರ್ ಇದ್ದರೂ ಒಂದು ಸೊಟ್ಟ ಹಲ್ಲು ಕಂಡೊಡನೆ ಅದು ಮಂಜುಳಾಳದೆಂದು ನನಗೆ ತಿಳಿಯಿತು. ಮೇಡಂ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದರು. "ನೋಡಪ್ಪ, ಮೂಳೆ ಹೆಂಗೆ ತುಂಬ್ಕೊಂಡಿದೆ! ಯಾರದೋ ಏನೋ, ಅಲ್ಲಾ ಕಾಪಾಡಿದಾನೆ." ಹೆಸರು ಹೇಳುವಂತಿರಲಿಲ್ಲ. ಮೇಡಂ ಮುಂದೆ ನಾನು ಎಷ್ಟು ಚಿಕ್ಕವನು ಅನ್ನಿಸಿತು.

ಹೋಲಿಕೆ ಮುಗಿದ ಮೇಲೆ ಮೇಡಂಗೆ ದೂರದ ಊರಿನ ಕಾಲೇಜಿನಲ್ಲಿ ಕೆಲಸವಾಯಿತು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬ್ಯಾಗು ಹೊತ್ತುಕೊಂಡು ಹೋಗಿದ್ದೆ.

"ನಮ್ಮ ರೋಗಿಗಳಲ್ಲಂತೂ ಗಾಜಿನದೇ ಬೇಗ ತುಂಬಿದೆ. ನಾನು ನೆಚ್ಚಿಕೊಂಡಿದ್ದು ಹಿಂದೆ ಬಿತ್ತು," ಎಂದರು. ಹಬ್ಬದ ಬಟ್ಟೆ ತೊಟ್ಟ ಮಗುವಿನಂತೆ ಮುಖ ಅರಳಿತ್ತು.

"ಬೇಜಾರಾಗ್ಲಿಲ್ವಾ ಮೇಡಂ?"

"ಬೇಜಾರ್ಯಾಕೆ? ಗೊತ್ತಾಯ್ತಲ್ಲಪ್ಪ!"

ನಾನು ಕಾಲು ಮುಟ್ಟಲು ಬಗ್ಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು.

"ಛೆ, ನನಗ್ಯಾಕೆ? ಹೋಗಿ ನಿನ್ನ ತಂಗಿ ಕಾಲಿಗೆ ಬೀಳು. ಅವಳು ಒಬ್ಬಳು ಗಟ್ಟಿ ನಿಲ್ಲದಿದ್ರೆ, ನಿನ್ನ ಭಯ ನನ್ನ ನಂಬಿಕೆ ಎರಡೂ ಸೇರ್ಕೊಂಡು ಅವಳಿಗೆ ಆ ನಿಧಾನದ ಹರಳೇ ಹಾಕ್ಬಿಡ್ತಿದ್ವು."