ಸೀನನನ್ನು ಕರೆತರಲು ಕೋಠಿಗೆ

ನಾನೂ ಅಪ್ಪನೂ ಮಾರ್ಚ್ ಕೊನೆಯಲ್ಲಿ ಜಯನಗರ ಬಿಟ್ಟೆವು. ಊರು ನೋಡಲು ಹೊರಟವರಲ್ಲ. ಹಿಮಾಲಯದಲ್ಲಿ ರಸ್ತೆ ಸರ್ವೆ ಕೆಲಸದಲ್ಲಿದ್ದ ನನ್ನ ತಮ್ಮ ಸೀನ 'ಹಿಮಪಾತದಲ್ಲಿ ಕಾಣೆಯಾಗಿದ್ದಾನೆ' ಎಂದು ಜನವರಿಯಲ್ಲಿ ಸುದ್ದಿ ಬಂದಿತ್ತು.

ನಾನು ಹೆದರಿದೆ. ಅಪ್ಪ ಹೆದರಲಿಲ್ಲ. ಧನುರ್ಮಾಸದ ಬೆಳಗಿನ ಮಂಜಿಗೂ ನಮ್ಮ ಕಡೆ ಹಿಮ ಎಂದೇ ಹೇಳುತ್ತಾರೆ. 'ಹಿಮ ಬೀಳ್ತಿದೆ, ಮಫ್ಲರ್ ಸುತ್ಕೋ' ಎಂದು ಬೈಸಿಕೊಳ್ಳದೆ ನಮ್ಮ ಬೀದಿಯಲ್ಲಿ ಬೆಳೆದವರು ಯಾರಿದ್ದಾರೆ?

"ಹಿಮ ಬಿದ್ರೆ ನೆಗಡಿ ಆಗುತ್ತೆ ಕಣೇ, ಮನುಷ್ಯ ಸಾಯ್ತಾನೇನು? ದಾರಿ ತಪ್ಪಿ ಯಾವುದೋ ಹಳ್ಳೀಲಿ ಕೂತಿರ್ತಾನೆ. ಹೋಗಿ ಕರ್ಕೊಂಡ್ ಬರೋಣ," ಎಂದರು ಅಪ್ಪ. ನಿಜ ಹೇಳಬೇಕೆಂದರೆ, ಅವರನ್ನು ನಂಬಲು ನನಗೂ ಆಸೆಯಿತ್ತು.

ಬೆಟ್ಟದ ರಸ್ತೆ ತೆರೆಯುವವರೆಗೆ ಕಾದು ಹೊರಟೆವು. ಮದರಾಸಿಗೆ ಒಂದು ರೈಲು, ದೆಹಲಿಗೆ ಇನ್ನೊಂದು, ಪಠಾಣಕೋಟೆಗೆ ಮತ್ತೊಂದು. ಎಲ್ಲವೂ ಮೂರನೇ ದರ್ಜೆ. ಇಂಜಿನ್ನಿನ ಮಸಿ ತಲೆಗೂದಲಿಗೆಲ್ಲ ಹಿಡಿಯಿತು. ಕಟ್ಟಿಕೊಂಡಿದ್ದ ಚಪಾತಿ, ಚಟ್ನಿಪುಡಿ ನಾಗಪುರದ ಹೊತ್ತಿಗೆ ಮುಗಿದವು. ಎದುರು ಸೀಟಿನವರು ಎಲ್ಲಿಗೆಂದು ಕೇಳಿದರೆ ಸಾಕು, ಅಪ್ಪ ತಮ್ಮ ಹರಕುಮುರುಕು ಹಿಂದಿಯಲ್ಲಿ ಮಗನನ್ನು ಕರೆತರಲು ಎನ್ನುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಪಠಾಣಕೋಟೆಯಿಂದ ಬಸ್ಸು. ಮಂಡಿಯಲ್ಲಿ ತಂಗಿ, ಮರುದಿನ ಬಿಯಾಸ್ ನದಿಯ ಪಕ್ಕದ ಇಕ್ಕಟ್ಟು ರಸ್ತೆಯಲ್ಲಿ ಮನಾಲಿ ಸೇರಿದೆವು. ಅನ್ನ, ಕಾಳಿನ ಸಾರು ಸಿಕ್ಕಿತು. ಆ ಚಳಿಯಲ್ಲೂ ಅಪ್ಪ ಮೊಸರಿಗೆ ಹಠ ಹಿಡಿದರು. ಸಿಗದೆ ಬಿಸಿನೀರು ಕುಡಿದು ಮಲಗಿದರು.

ಬೆಳಗ್ಗೆ ರಂಗಪ್ಪ ಜೀಪು ತಂದ. ಹೊಸಕೆರೆಹಳ್ಳಿಯ ಹುಡುಗ, ಸೀನನ ಜೊತೆಗೇ ಕೆಲಸ ಮಾಡುತ್ತಿದ್ದವನು. "ಬಿಸಿಲು ಏರೋದ್ರೊಳಗೆ ಹೋಗಿ ಬಂದ್ಬಿಡ್ಬೇಕು ಸಾರ್," ಎಂದು ಕೋಠಿ ಎಂಬ ಹಳ್ಳಿಯ ಆಚೆಗೆ ಕರೆದೊಯ್ದ. ಎದುರಿಗೆ ಬೆಟ್ಟದ ಒಂದು ಮಗ್ಗುಲು ಪೂರ್ತಿ ಬಿಳಿ. ಅದರ ಬುಡದಲ್ಲಿ ಒಂದು ಮನೆಯನ್ನೇ ಮುಚ್ಚುವಷ್ಟು ಎತ್ತರದ ಹಿಮದ ಗುಡ್ಡೆ. ನಡುವೆ ಮುರಿದ ಮರದ ಕಾಂಡಗಳು.

"ಇಷ್ಟೂ ಆಕಾಶದಿಂದ ಬಿತ್ತಾ?" ಎಂದರು ಅಪ್ಪ.

"ಇಲ್ಲ ಸಾರ್. ಬೆಟ್ಟದಿಂದ ಜಾರಿದ್ದು."

ರಂಗಪ್ಪ ನಾವು ನಿಂತಿದ್ದ ಕಡೆಯೇ ಸಲಿಕೆಯಿಂದ ಹಿಮವನ್ನು ಗೋಡೆಯಂತೆ ಕಡಿದು ತೋರಿಸಿದ. "ಮೊದಲು ಬಿದ್ದಿದ್ದು ಚಳಿಗೆ ರವೆ ಆಗೋಗುತ್ತೆ, ಒಂದಕ್ಕೊಂದು ಅಂಟಲ್ಲ. ಅದರ ಮೇಲೆ ಹೊಸದು ಬೀಳುತ್ತೆ, ಗಾಳಿ ಒತ್ತಿ ಒತ್ತಿ ಹಲಗೆ ಮಾಡುತ್ತೆ. ನಾವು ನಡೆಯೋದು ಆ ಹಲಗೆ ಮೇಲೆ. ಕೆಳಗಿಂದ ಧೊಪ್ ಅಂತ ಸದ್ದು ಬಂದ್ರೆ ರವೆ ಕುಸೀತು ಅಂತ. ಆಗ ಹಲಗೆ ಪೂರ್ತಿ ಜಾರ್ಕೊಂಡು ಬರುತ್ತೆ."

ಅಪ್ಪ ಬರಿಗೈಯಲ್ಲಿ ಆ ರವೆಯನ್ನು ಹಿಡಿದರು. ಅದು ಬೆರಳ ಸಂದಿಯಿಂದ ಸುರಿದುಹೋಯಿತು.

"ನಮ್ ಸೀನನಿಗೆ ಸದ್ದು ಕೇಳಿಸ್ಲಿಲ್ವೇನಪ್ಪ?"

"ಕೇಳಿಸ್ತು ಸಾರ್. ಒಬ್ಬೊಬ್ರಾಗಿ ದಾಟ್ತಿದ್ವಿ, ನಾವೆಲ್ಲ ಆಚೆ ಸೇರಿದ್ವಿ. ಅವನು ಕೊನೆಯವನು, ಇನ್ನೂ ಇಳಿಜಾರಿನ ನಡುವೆ ಇದ್ದ. ಸದ್ದಾದಾಗ ನಿಂತು ನಮ್ ಕಡೆ ನೋಡ್ದ. ಅಷ್ಟೇ." ರಂಗಪ್ಪನಿಗೆ ಅಳು ಬಂತು. "ಉದ್ದದ ಕೋಲು ಚುಚ್ಚಿ ಚುಚ್ಚಿ ಹುಡುಕಿದ್ವಿ. ಇನ್ನು ಬೇಸಿಗೇಲಿ ಕರಗಿದ್ಮೇಲೇ ಸಾರ್."

ಅಪ್ಪ ಅವನ ಬೆನ್ನು ಸವರಿದರು. ಆಮೇಲೆ ತಾವೇ ಹೋಗಿ ಜೀಪು ಹತ್ತಿದರು.

ಮನಾಲಿಯ ಹತ್ತಿರ ಜೀಪು ನಿಲ್ಲಿಸಲು ಹೇಳಿ, ಕೋಟು, ಪಂಚೆ ಯಾವುದನ್ನೂ ತೆಗೆಯದೆ ನದಿಗೆ ಇಳಿದರು. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಮುಳುಗುವುದು ನಮ್ಮ ಪದ್ಧತಿ. ಸುದ್ದಿ ಬಂದು ಎರಡು ತಿಂಗಳಾದರೂ ನಮ್ಮ ಮನೆಯಲ್ಲಿ ಯಾರೂ ಆ ಸ್ನಾನ ಮಾಡಿರಲಿಲ್ಲ. ನಾನೂ ಸೀರೆಯಲ್ಲೇ ಅವರ ಹಿಂದೆ ಇಳಿದೆ. ಚಳಿ ಮೂಳೆಗೆ ಹತ್ತಿತು, ಅಳಲೂ ಉಸಿರಿರಲಿಲ್ಲ.

ರಂಗಪ್ಪ ಕಂಬಳಿ ಹಿಡಿದು ಓಡಿಬಂದ. ಹಲ್ಲು ಕಟಕಟಿಸುತ್ತಿದ್ದರೂ ಅಪ್ಪ ಅದನ್ನು ಹೊದಿಸಗೊಡಲಿಲ್ಲ.

"ತಾಳಪ್ಪ," ಎಂದರು. "ಮಗು ಇದಕ್ಕಿಂತ ಚಳೀಲಿ ಮಲಗಿದೆ."